ಬಂದೂಕಿಗೆ ಲೈಸೆನ್ಸ್ ಐತಿ, ಖಣಕ್ಕ?

ನಾನು ಬೇಲೂರಿನಲ್ಲಿ ಕೆಲಸ ಮಾಡುತ್ತೇನೆ ಎಂದರೆ ಬೆಂಗಳೂರಿನ ನೆಂಟರು ಕೈಮುಗಿಯುತ್ತಾರೆ. ಚೆನ್ನಕೇಶವ, ಶಿಲಾಬಾಲಿಕೆ, ಕನ್ನಡಿ ಹಿಡಿದ ಸುಂದರಿ ಎಲ್ಲರೂ ಅವರ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. “ಪುಣ್ಯವಂತರು ಬಿಡಿ ನೀವು, ದಿನಾ ದರ್ಶನ” ಎಂದವರೂ ಇದ್ದಾರೆ. ನಾನು ತಿದ್ದಲು ಹೋಗುವುದಿಲ್ಲ. ಪುಣ್ಯ ಬಿಟ್ಟಿ ಬರುವಾಗ ಬೇಡ ಎನ್ನುವುದೇಕೆ? ನನ್ನದು ಹಾಸನದ ಬೇಲೂರಲ್ಲ. ಧಾರವಾಡದಿಂದ ಬೆಳಗಾವಿ ಕಡೆ ಹೋಗುವ ಹೆದ್ದಾರಿಯ ಬದಿಗಿರುವ ಬೇಲೂರು ಕೈಗಾರಿಕಾ ಪ್ರದೇಶ. ಅಲ್ಲಿ ಕಲ್ಲು ಕಡೆದರು, ಇಲ್ಲಿ ನಾವು ಲೇತಿನ ಮೇಲೆ ಕಬ್ಬಿಣ ಕಡೆಯುತ್ತೇವೆ. ಅಲ್ಲಿ ಧೂಪದ ವಾಸನೆ, ಇಲ್ಲಿ ಕೂಲಂಟಿನದು.

ನಾನು ಕಡೆಯುವವನೂ ಅಲ್ಲ, ಒಂದು ಕಾರ್ಖಾನೆಯ ಸ್ಟೋರ್ಸ್ ನೋಡಿಕೊಳ್ಳುವವನು. ನನ್ನ ಕಾಲದಲ್ಲಿ ಬಿಲ್ ಇಲ್ಲದೆ ಒಂದು ನಟ್ಟು ಒಳಗೆ ಬಂದಿಲ್ಲ, ಗೇಟ್ ಪಾಸ್ ಇಲ್ಲದೆ ಒಂದು ಬೋಲ್ಟು ಹೊರಗೆ ಹೋಗಿಲ್ಲ. ಲಾರಿ ಡ್ರೈವರುಗಳು ಬೆನ್ನ ಹಿಂದೆ ನನ್ನನ್ನು ‘ಚಲನ್ ಸಾಹೇಬ’ ಎನ್ನುತ್ತಾರೆ. 2018ರ ಏಪ್ರಿಲ್ 1ರಂದು ಇ-ವೇ ಬಿಲ್ ಜಾರಿಗೆ ಬಂದಾಗ ದೇಶದ ಉದ್ಯಮಿಗಳೆಲ್ಲ ತಲೆಯ ಮೇಲೆ ಕೈ ಹೊತ್ತರು. ರಾಜ್ಯದೊಳಗಿನ ಸಾಗಣೆಗೂ ಅದನ್ನು ಅದೇ ದಿನದಿಂದ ತಂದದ್ದು ನಮ್ಮ ಕರ್ನಾಟಕವೇ ಮೊದಲು. ಆ ದಿನ ನಾನೊಬ್ಬ ಮನೆಗೆ ಪೇಢೆ ತಂದಿದ್ದೆ. ಐವತ್ತು ಸಾವಿರಕ್ಕಿಂತ ಹೆಚ್ಚಿನ ಮಾಲು ಕಾಗದವಿಲ್ಲದೆ ಅಲುಗಾಡುವಂತಿಲ್ಲ ಎಂಬುದು ನನ್ನ ಪಾಲಿಗೆ ಒಂದು ಸ್ತೋತ್ರದ ಹಾಗೆ ಕೇಳಿಸಿತ್ತು.

ಇಂಥವನ ಕೈಗೆ ಒಂದು ಬಂದೂಕು ಬಂದದ್ದು ಹೇಗೆ ಎನ್ನುವಿರಾ? ಹೆಂಡತಿಯ ಕಡೆಯಿಂದ.

ನಮ್ಮ ಮಾವನವರದು ಕಿತ್ತೂರಿನ ಹತ್ತಿರದ ಒಂದು ಹಳ್ಳಿ. ಅವರ ಬಳಿ ತೋಟವೂ ಇತ್ತು, ತೋಟಾವೂ ಇತ್ತು. ತೋಟದಲ್ಲಿ ಆಪೂಸ್ ಮಾವು, ತೋಟಾ ಹಾಕಲು ಹನ್ನೆರಡು ಬೋರಿನ ಒಂಟಿ ನಳಿಗೆಯ ಬಂದೂಕು. ಕಿತ್ತೂರು ಸೀಮೆಯವರ ಮುಂದೆ ಬಂದೂಕಿನ ಮಾತು ತೆಗೆದರೆ 1824ಕ್ಕೆ ಹೋಗಿಯೇ ವಾಪಸು ಬರಬೇಕು. ಆ ವರ್ಷದ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಅಮಟೂರು ಬಾಳಪ್ಪನ ಗುಂಡಿಗೆ ಬಿದ್ದ. ಮಾವನವರು ಈ ಕತೆ ಹೇಳುವಾಗ ಬಾಳಪ್ಪನ ಬಂದೂಕೇ ಗೋಡೆಯ ಮೇಲೆ ತೂಗುಬಿದ್ದಿದೆಯೇನೋ ಎಂಬಂತೆ ಆ ಕಡೆ ಒಮ್ಮೆ ನೋಡುತ್ತಿದ್ದರು. ಅದು ಹಾರಿಸಿದ್ದೆಲ್ಲ ಹಂದಿ-ಮಂಗಗಳನ್ನು ಬೆದರಿಸುವ ಗಾಳಿಗುಂಡು.

ಅವರಿಗೆ ಎಪ್ಪತ್ತು ತುಂಬಿತು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಒಂದು ಅನುಕೂಲವಿದೆ. ಲೈಸೆನ್ಸುದಾರನಿಗೆ ಎಪ್ಪತ್ತು ವರ್ಷವಾದರೆ, ಇಲ್ಲವೇ ಬಂದೂಕು ಇಟ್ಟುಕೊಂಡು ಇಪ್ಪತ್ತೈದು ವರ್ಷವಾದರೆ, ಅದನ್ನು ವಾರಸುದಾರನ ಹೆಸರಿಗೆ ಮಾಡಿಸಬಹುದು. ಹಿರಿಯ ಮಗ ಪುಣೆಯಲ್ಲಿ ಫ್ಲ್ಯಾಟಿನವನು, “ಸೊಸೈಟಿಯವರು ನಾಯಿನ ಸಾಕಗೊಡಂಗಿಲ್ಲ, ಇನ್ನ ಬಂದೂಕು ಎಲ್ಲಿ” ಎಂದ. ಕಿರಿಯವನು ಅಮೆರಿಕದ ಟೆಕ್ಸಸ್‌ನಲ್ಲಿದ್ದಾನೆ. ಅಲ್ಲಿ ಬಂದೂಕಿಗೇನು ಬರವೇ? ವಾರಸುದಾರರ ಪಟ್ಟಿಯಲ್ಲಿ ಅಳಿಯನ ಹೆಸರನ್ನೂ ಸೇರಿಸಿದ ಪುಣ್ಯಾತ್ಮ ಯಾವನೋ ತಿಳಿಯದು. ಮದುವೆಯಲ್ಲಿ ನಾನು ವರದಕ್ಷಿಣೆ ಬೇಡ ಎಂದಿದ್ದೆ. ಇಪ್ಪತ್ತೆರಡು ವರ್ಷದ ಮೇಲೆ ಬಂದೂಕು ಬಂತು.

ಅರ್ಜಿ ಹಾಕಿದ ಮೇಲೆ ವಿಚಾರಣೆಗೆ ಒಬ್ಬ ಪೇದೆ ನಮ್ಮ ಓಣಿಗೆ ಬಂದರು. ಪಕ್ಕದ ಮನೆಯವರನ್ನು ಕೇಳಿದರಂತೆ, “ಇವರಿಗೆ ಸಿಟ್ಟು ಬರತೈತೇನ್ರಿ?”

“ಯಾರಿಗೆ, ಅವರಿಗೆ?” ಎಂದು ಪಕ್ಕದ ಮನೆಯ ಕಾಕಾ ನಕ್ಕರಂತೆ. “ಆ ಮನ್ಯಾಗ ಸಿಟ್ಟಿನ ಲೈಸೆನ್ಸ್ ಅಕ್ಕಾರ ಹೆಸರಿನ್ಯಾಗ ಐತ್ರಿ.”

ಪೇದೆ ಸಮಾಧಾನದಿಂದ ಬರೆದುಕೊಂಡು ಹೋದರು. ಆಮೇಲೆ ಸುರಕ್ಷತಾ ತರಬೇತಿ. ನಾನು ಎರಡೂ ಕಣ್ಣು ಮುಚ್ಚಿ ಹೊಡೆದ ಗುಂಡು ಗುರಿಹಲಗೆಯನ್ನು ಬಿಟ್ಟು ಹಿಂದಿನ ದಿಬ್ಬದ ಮಣ್ಣು ಎಬ್ಬಿಸಿತು. “ಒಂದು ಕಣ್ಣು ತೆರೀರಿ ಸರ್” ಎಂದರು ಕಲಿಸುವವರು. ಯಾವುದು ಎಂದು ಕೇಳಿದೆ. ಅಂತೂ ಲೈಸೆನ್ಸ್ ಬಂತು. 2019ರ ತಿದ್ದುಪಡಿಯಾದ ಮೇಲೆ ಅದಕ್ಕೆ ಐದು ವರ್ಷದ ಆಯಸ್ಸು, ಮೊದಲು ಮೂರೇ ಇತ್ತು. ಅದಕ್ಕೊಂದು ಪ್ಲಾಸ್ಟಿಕ್ ಕವರು ಹಾಕಿ, ಕವರಿನ ಮೇಲೆ ಇನ್ನೊಂದು ಕವರು ಹಾಕಿ ಇಟ್ಟುಕೊಂಡೆ. ಬಂದೂಕಿಗಿಂತ ಅದರ ಕಾಗದವೇ ನನಗೆ ಹೆಚ್ಚು ಪ್ರಿಯ.

ಮಾವಿನ ಕಾಲದಲ್ಲಿ ಶನಿವಾರ-ಭಾನುವಾರ ನಾನು ಬಂದೂಕು ತೆಗೆದುಕೊಂಡು ತೋಟಕ್ಕೆ ಹೋಗುತ್ತಿದ್ದೆ. ಮಂಗಗಳು ನನ್ನನ್ನು ಬೇಗ ಗುರುತು ಹಿಡಿದವು. ನಾನು ತೋಟಾ ತುಂಬಿ, ನಿಂತ ಜಾಗ ಸರಿಮಾಡಿಕೊಂಡು, ಯಾವ ಕಣ್ಣು ಮುಚ್ಚಬೇಕೆಂದು ನೆನಪು ಮಾಡಿಕೊಳ್ಳುವಷ್ಟರಲ್ಲಿ ಅವು ಒಂದು ಹಣ್ಣು ತಿಂದು ಗೊರಟೆ ಎಸೆದಿರುತ್ತಿದ್ದವು. ನಮ್ಮ ಅತ್ತೆಯವರು ಮನೆಯ ಹಿತ್ತಿಲಿಂದಲೇ ಕವಣೆ ಬೀಸಿ “ಹಾ!” ಅಂದರೆ ಇಡೀ ಹಿಂಡು ಪಕ್ಕದವರ ತೋಟಕ್ಕೆ. ಕವಣೆಗೆ ಲೈಸೆನ್ಸ್ ಬೇಕಿಲ್ಲ ಎಂಬುದನ್ನು ಅವರು ನನಗೆ ಎರಡು ಸಲ ನೆನಪಿಸಿದ್ದಾರೆ.

2023ರ ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆಯಾಯಿತು, ಮೇ 10ಕ್ಕೆ ಮತದಾನ. ಘೋಷಣೆಯಾದ ನಾಲ್ಕು ದಿನಕ್ಕೆ ಠಾಣೆಯಿಂದ ಫೋನ್ ಬಂತು. “ಬಂದೂಕು ತಂದು ಜಮಾ ಮಾಡ್ರಿ.” ಪ್ರತಿ ಚುನಾವಣೆಗೂ ನಮ್ಮ ರಾಜ್ಯದ ಬಂದೂಕುಗಳಿಗೆ ಇದೊಂದು ಠಾಣೆವಾಸ. ಬ್ಯಾಂಕು ಕಾಯುವವರಿಗೆ, ಗುರಿಕಾರ ಕ್ರೀಡಾಪಟುಗಳಿಗೆ ವಿನಾಯಿತಿ ಸಿಗುತ್ತದೆ. ಮಂಗ ಕಾಯುವವರಿಗೆ ಇಲ್ಲ.

ನಮ್ಮ ಕಾರ್ಖಾನೆಯಲ್ಲಿ ಕೊಡಗಿನ ಒಬ್ಬ ಗೆಳೆಯನಿದ್ದಾನೆ. ಅವನ ಮುಂದೆ ಗೊಣಗಿದೆ. ಅವನು ಚಹಾದ ಲೋಟದ ಮೇಲಿಂದ ನನ್ನನ್ನು ಮರುಕದಿಂದ ನೋಡಿದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸೇ ಬೇಡ. ಬ್ರಿಟಿಷರ ಕಾಲದಿಂದ ನಡೆದು ಬಂದ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. “ನಿಮ್ಮಲ್ಲಿ ಹೇಗೆ?” ಎಂದು ಕೇಳಿದ. ನಮ್ಮಲ್ಲಿ ಬಂದೂಕು ದಿವಾನಿನ ಕೆಳಗೆ, ಗಾದಿಯ ಸುರುಳಿಯ ಪಕ್ಕದಲ್ಲಿರುತ್ತದೆ ಎಂದು ಹೇಳಲು ನಾಚಿಕೆಯಾಯಿತು.

ನಾಚಿಕೆಗೆ ಇನ್ನೂ ದೊಡ್ಡ ಕಾರಣ ಮುಧೋಳದ ಹತ್ತಿರದ ಹಲಗಲಿ. 1857ರಲ್ಲಿ ಹತಾರ ಒಪ್ಪಿಸಿರಿ ಎಂಬ ಕಾನೂನು ಬಂದಾಗ ಅಲ್ಲಿಯ ಬೇಡರು ಆಗುವುದಿಲ್ಲ ಎಂದರು. ಕಂಪನಿ ಸರ್ಕಾರದ ದಂಡು ಊರಿಗೆ ಬೆಂಕಿ ಇಟ್ಟಿತು, ಸಿಕ್ಕವರನ್ನು ಗಲ್ಲಿಗೇರಿಸಿತು. ಅವರ ಮೇಲೆ ಲಾವಣಿ ಹುಟ್ಟಿತು. ನಾನೋ, ಫೋನ್ ಇಟ್ಟ ಹತ್ತು ನಿಮಿಷಕ್ಕೆ ವಾಪಸು ಮಾಡಿ “ಭಾನುವಾರನೂ ಠಾಣೆ ತೆರದಿರತೈತೇನ್ರಿ?” ಎಂದು ಕೇಳಿದವನು. ನನ್ನ ಮೇಲೆ ಯಾರೂ ಲಾವಣಿ ಕಟ್ಟುವುದಿಲ್ಲ. ಕಟ್ಟಿದರೂ ಹಾಡುವ ಹೊತ್ತಿಗೆ ನಗು ಬರುತ್ತದೆ.

ಬಂದೂಕು ಆಗ ನನ್ನ ಜೊತೆ ತೋಟದ ಮನೆಯಲ್ಲಿತ್ತು. ಏಪ್ರಿಲ್ ಎರಡನೆಯ ಶನಿವಾರ ರಜೆ ಹಾಕಿ, ಅದನ್ನು ಧಾರವಾಡಕ್ಕೆ ತಂದು ಠಾಣೆಗೆ ಒಪ್ಪಿಸುವುದೆಂದು ನಿಶ್ಚಯ. ನಮ್ಮಾಕಿಯೂ ಹಿಂದಿನ ದಿನವೇ ತವರಿಗೆ ಬಂದಿದ್ದಳು. ಅವಳ ಕೆಲಸವೇ ಬೇರೆ. ಅವಳ ತಂಗಿಯ ಮಗಳಿಗೆ ಸೋಮವಾರ ಕುಬಸ. ಅದಕ್ಕೆ ಗುಳೇದಗುಡ್ಡದಿಂದ ತರಿಸಿದ ಖಣಗಳ ಗಂಟು ತವರಿನಲ್ಲಿ ಬಂದು ಕೂತಿತ್ತು. ಐವತ್ತೊಂದು ಖಣ, ಎಲ್ಲವೂ ಒಂದೇ ಬಣ್ಣ. ಹೋದ ವರ್ಷ ಯಾವುದೋ ಕಾರ್ಯದಲ್ಲಿ ಬಣ್ಣ ಬಣ್ಣದ ಖಣ ಕೊಟ್ಟು, ‘ಆಕಿಗೆ ಗಿಳಿಹಸಿರು, ನನಗ ಮಣ್ಣ ಬಣ್ಣ’ ಎಂದು ಇಬ್ಬರು ಬೀಗಿತ್ತಿಯರು ಈಗಲೂ ಮಾತು ಬಿಟ್ಟಿದ್ದಾರೆ. ಈ ಸಲದ ಬಣ್ಣ ಯಾವುದೆಂದು ನಾನು ಬರೆಯುವುದಿಲ್ಲ. ಬರೆದರೆ ಮುಂದಿನ ಚುನಾವಣೆಯಲ್ಲೂ ಹಿಡಿದಾರು.

“ಒಂದಕ್ಕ ಎಷ್ಟು ಬಿತ್ತು?” ಎಂದು ನಾನು ಕೇಳಿದ್ದೆ, ಸ್ಟೋರ್ಸಿನವನ ಚಟ.

“ನೂರಾ ಇಪ್ಪತ್ತು” ಎಂದಿದ್ದಳು, ನನ್ನ ಕಡೆ ನೋಡದೆ.

ಬಂದೂಕನ್ನು ಹೊರಗೆ ಒಯ್ಯುವಾಗ ಪೂರ್ತಿ ಮುಚ್ಚಿರಬೇಕು ಎಂಬುದು ನಿಯಮ. ಅದರ ಚೀಲದ ಜಿಪ್ ಹೋಗಿತ್ತು. ಅತ್ತೆಯವರು “ನೀವು ಉಣ್ರಿ ಅಳಿಯಂದ್ರ, ನಾ ಕಟ್ಟಿ ಇಡತೀನಿ” ಎಂದರು. ತೋಟಾ ತೆಗೆದು ಬೇರೆ ಡಬ್ಬಿಯಲ್ಲಿಟ್ಟು, ನಳಿಗೆ ಖಾಲಿ ಇದೆಯೆಂದು ಎರಡು ಸಲ ನೋಡಿ ಬಂದೂಕನ್ನು ಅವರೆದುರಿಗಿಟ್ಟೆ. ನಾನು ರೊಟ್ಟಿ, ಎಣ್ಣೆಗಾಯಿ ಮುಗಿಸಿ ಬರುವಷ್ಟರಲ್ಲಿ ಅದು ಹಳೆಯ ಕೌದಿಯೊಳಗೆ ಸುರುಳಿಯಾಗಿ, ಮೇಲೆ ಎರಡು ಕಡೆ ಕಟ್ಟು ಬಿಗಿದು, ಕಾರಿನ ಡಿಕ್ಕಿಯಲ್ಲಿ ಮಲಗಿತ್ತು. ತಲೆದೆಸೆಗೆ ಖಣದ ಗಂಟು, ಕಾಲದೆಸೆಗೆ ಮಾವಿನಕಾಯಿಯ ಚೀಲ. ಒಳಗೆ ಅತ್ತೆಯವರು ಏನು ಮಾಡಿದ್ದರೆಂದು ನನಗೆ ಗೊತ್ತಿರಲಿಲ್ಲ.

ಹೊರಡುವ ಮುನ್ನ ಟೆಕ್ಸಸ್ ಭಾವಮೈದನ ಫೋನು. ಚೆಕ್‌ಪೋಸ್ಟ್ ಎಂದು ಕೇಳಿದ್ದೇ ಅವನು ಗಂಭೀರನಾದ. “ಭಾವಾ, ಎರಡೂ ಕೈ ಸ್ಟಿಯರಿಂಗ್ ಮ್ಯಾಲಿರಲಿ. ತಟ್ಟನೆ ಅಲುಗಾಡಬ್ಯಾಡ್ರಿ. ಲೈಸೆನ್ಸ್ ತಗೀಬೇಕಂದ್ರ ಮೊದಲ ಹೇಳಿ ತಗೀರಿ.” ಅವನ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 2016ರ ಜುಲೈ 6ರಂದು ಅಲ್ಲಿಯ ಮಿನೆಸೋಟ ರಾಜ್ಯದಲ್ಲಿ ಫಿಲ್ಯಾಂಡೊ ಕ್ಯಾಸ್ಟಿಲ್ ಎಂಬ ಕಪ್ಪು ಯುವಕನ ಕಾರನ್ನು ಪೊಲೀಸ್ ನಿಲ್ಲಿಸಿದ. ಶಾಲೆಯೊಂದರಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸದವನು ಅವನು. ನನ್ನ ಬಳಿ ಬಂದೂಕಿದೆ ಎಂದು ತಾನಾಗಿಯೇ ಹೇಳಿದ. ಪರವಾನಗಿ ಇತ್ತು. ಹೇಳಿದ ಕೆಲವೇ ಕ್ಷಣಕ್ಕೆ ಪೊಲೀಸನ ಗುಂಡು ಬಿತ್ತು. ಮರುವರ್ಷ ಆ ಪೊಲೀಸನ ಖುಲಾಸೆಯೂ ಆಯಿತು. ಅಲ್ಲಿ ಇದು ಹಾಸ್ಯಲೇಖನದ ವಸ್ತುವಲ್ಲ.

ನಮ್ಮ ಬೇಲೂರಿಗೆ ಬರೋಣ. ಕೈಗಾರಿಕಾ ಪ್ರದೇಶದ ಹತ್ತಿರ ರಸ್ತೆಗೆ ಅಡ್ಡ ಬ್ಯಾರಿಕೇಡ್, ಬದಿಗೊಂದು ಶಾಮಿಯಾನ, ಒಂದು ಟೇಬಲ್ಲು, ನೀರಿನ ಕ್ಯಾನು. ಒಬ್ಬ ಎಎಸ್‌ಐ, ಇಬ್ಬರು ಪೇದೆಗಳು, ಅದರಲ್ಲೊಬ್ಬಾಕೆ ಹೆಣ್ಣುಮಗಳು. ಜೊತೆಗೆ ವಿಡಿಯೊ ತೆಗೆಯುವ ಹುಡುಗ. ನಿಂತ ಜಾಗದಿಂದ ನಮ್ಮ ಕಾರ್ಖಾನೆಯ ಗೇಟು ಕಾಣುತ್ತಿತ್ತು. ಎದುರಿನ ಚಹಾದಂಗಡಿಯಲ್ಲಿ ಕೂತಿದ್ದ ಲಾರಿ ಡ್ರೈವರನನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ಚಲನ್‌ನಲ್ಲಿ ಒಂದು ಸೊನ್ನೆ ಕಡಿಮೆ ಇದೆಯೆಂದು ಹಿಂದಿನ ದಿನವಷ್ಟೇ ಅವನನ್ನು ಮೂರು ತಾಸು ಗೇಟಿನ ಹೊರಗೆ ನಿಲ್ಲಿಸಿದ್ದೆ. ಅವನು ಎರಡನೆಯ ಚಹಾ ಹೇಳಿದ.

ನಾನು ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಮರಗಟ್ಟಿ ಕೂತೆ.

“ಕೈಗೆ ಏನಾಗ್ಯಾವ್ರಿ?” ಎಂದ ಪೇದೆ.

“ಏನಿಲ್ರಿ. ಈಗ ನಾನು ಬಲಗೈ ಅಂಗಿ ಕಿಸೆಗೆ ಹಾಕತೀನ್ರಿ.”

“ಹಾಕ್ರಿ, ಯಾರ ಬ್ಯಾಡಂದ್ರು?”

“ಲೈಸೆನ್ಸ್ ಐತ್ರಿ ಅಲ್ಲಿ. ಡಿಕ್ಕಿಯೊಳಗ ಬಂದೂಕ ಐತ್ರಿ.”

ಪೇದೆ ಒಂದು ಹೆಜ್ಜೆ ಹಿಂದೆ ಸರಿದ. ಅದು ನನ್ನ ಜೀವನದಲ್ಲಿ ನನ್ನನ್ನು ಕಂಡು ಯಾರಾದರೂ ಹಿಂದೆ ಸರಿದ ಮೊದಲ ಗಳಿಗೆ. ನಮ್ಮಾಕಿ ನೋಡಿದಳೋ ಇಲ್ಲವೋ ಎಂದು ಪಕ್ಕಕ್ಕೆ ತಿರುಗಿದೆ. ಅವಳು ಫೋನಿನಲ್ಲಿ ತಂಗಿಗೆ ಚಿತ್ರಾನ್ನಕ್ಕೆ ಎಷ್ಟು ಅಕ್ಕಿ ಎಂದು ಹೇಳುತ್ತಿದ್ದಳು.

ಎಎಸ್‌ಐ ಸಾಹೇಬರು ಎದ್ದು ಬಂದರು. ಲೈಸೆನ್ಸ್ ಕೇಳುವ ಅಧಿಕಾರ ಅವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 19ನೆಯ ಕಲಮಿನಲ್ಲೇ ಇದೆ. ತೋರಿಸದಿದ್ದರೆ ಬಂದೂಕು ಜಪ್ತಿ ಮಾಡಲೂಬಹುದು. ಅವರು ಕೇಳುವ ಮೊದಲೇ ನಾನು ಲೈಸೆನ್ಸ್ ಪುಸ್ತಿಕೆ, ಅದರ ಎರಡು ಜೆರಾಕ್ಸ್, ಆಧಾರ್, ತರಬೇತಿಯ ಸರ್ಟಿಫಿಕೇಟ್, ತೋಟಾ ಖರೀದಿಯ ರಸೀದಿ ಸಾಲಾಗಿ ಬಾನೆಟ್ಟಿನ ಮೇಲೆ ಹರಡಿದೆ. ಗಾಳಿಗೆ ಹಾರದಂತೆ ಒಂದೊಂದರ ಮೇಲೆ ಒಂದೊಂದು ಮಾವಿನಕಾಯಿ. ಸಾಹೇಬರ ಮುಖ ಅರಳಿತು. “ಇಷ್ಟು ಚಂದ ಕಾಗದ ಇಟ್ಟವ್ರನ್ನ ನಾ ನೋಡೇ ಇಲ್ಲ ಬಿಡ್ರಿ. ಎಲ್ಲಿ ಕೆಲಸಾ?” ನಾನು ಗೇಟಿನ ಕಡೆ ಬೆರಳು ಮಾಡಿದೆ. ಚಹಾದಂಗಡಿಯಿಂದ ಯಾರೋ ಕೆಮ್ಮಿದರು.

“ಬಂದೂಕ ನಂಬರ್ ತೋರಸ್ರಿ.”

ಕೌದಿ ಬಿಚ್ಚಿದೆ. ವಿಡಿಯೊ ಹುಡುಗ ಹತ್ತಿರ ಬಂದ. ಒಂದು ಸುತ್ತು, ಎರಡು ಸುತ್ತು, ಮೂರನೆಯ ಸುತ್ತಿಗೆ ಒಳಗಿಂದ ಅಕ್ಕಿ ಸುರಿಯಿತು.

ಆಮೇಲೆ ಒಂದು ಅರಿಷಿಣದ ಬೇರು, ಎರಡು ಅಡಕೆ, ಒಂದು ಉತ್ತತ್ತಿ, ಒಣಕೊಬ್ಬರಿಯ ಬಟ್ಟಲು. ಕೊನೆಗೆ ಬಂದೂಕು. ನಳಿಗೆಗೆ ಅರಿಷಿಣ-ಕುಂಕುಮ, ಕುದುರೆಗೆ ಒಂದು ಮೊಳ ಮಲ್ಲಿಗೆ, ನಡುವಿಗೆ ಸುತ್ತಿ ಗಂಟು ಹಾಕಿದ ಹೊಚ್ಚಹೊಸ ಖಣ.

ಅತ್ತೆಯವರು ಬಂದೂಕಿಗೆ ಉಡಿ ತುಂಬಿದ್ದರು. ಮನೆಯಲ್ಲಿ ನಲವತ್ತು ವರ್ಷ ಇದ್ದ ಜೀವ, ಪರರ ಮನೆಗೆ ಹೊರಟಿದೆ, ಬರಿಗೈಯಲ್ಲಿ ಕಳಿಸಲಾದೀತೇ?

ಎಎಸ್‌ಐ ಬಹಳ ಹೊತ್ತು ನೋಡಿದರು. “ಇದನ್ನ ಜಮಾ ಮಾಡಾಕ ಹೊಂಟೀರೋ, ಗಂಡನ ಮನಿಗೆ ಕಳಸಾಕೋ?”

ನಂಬರು ಕುಂಕುಮದ ಅಡಿಯಲ್ಲಿತ್ತು. ಒರೆಸಿ ಓದಿಕೊಂಡರು, ಪುಸ್ತಿಕೆಗೆ ತಾಳೆಯಾಯಿತು. ತೋಟಾ ಎಣಿಸಿದರು, ಐದು. ಅದೂ ತಾಳೆ. ನಿಲ್ಲಿಸಿದಲ್ಲಿಂದ ಹಿಡಿದು ಇಲ್ಲಿಯವರೆಗೆ ಆರು ನಿಮಿಷ. ಬಂದೂಕಿನ ಕತೆ ಇಲ್ಲಿಗೆ ಮುಗಿಯಿತು.

“ಆ ಗಂಟಿನ್ಯಾಗ ಏನೈತ್ರಿ?”

“ಏನಿಲ್ರಿ, ಖಣ” ಎಂದಳು ನಮ್ಮಾಕಿ, ಫೋನು ಕೆಳಗಿಟ್ಟು.

ಗಂಟು ಟೇಬಲ್ಲಿಗೆ ಬಂತು. ಬಿಚ್ಚಿದರು. ಒಂದೇ ಬಣ್ಣದ, ಒಂದೇ ಅಂಚಿನ, ಒಂದೇ ಮಡಿಕೆಯ ಖಣಗಳು ಒಟ್ಟಿಲಾಗಿ ಕೂತವು. ಶಾಮಿಯಾನದ ಗಾಳಿಯೇ ಬದಲಾಯಿತು. ಇಷ್ಟು ಹೊತ್ತು ನಗುತ್ತಿದ್ದ ಸಾಹೇಬರು ಟೊಪ್ಪಿಗೆ ಹಾಕಿಕೊಂಡರು. ಚುನಾವಣೆಯ ಹೊತ್ತಿನಲ್ಲಿ ಬಂದೂಕಿಗಿಂತ ಅಪಾಯದ ವಸ್ತು ಯಾವುದೆಂದು ನನಗೆ ಆಗ ತಿಳಿಯಿತು.

“ಯಾವ ಪಕ್ಷದವ್ರು?”

“ಸ್ಟೋರ್ಸ್‌ನವ್ರು” ಎಂದೆ.

“ಇವರು ಮನ್ಯಾಗೂ ಯಾವ ಪಕ್ಷಕ್ಕೂ ಸೇರಿಲ್ರಿ” ಎಂದು ನಮ್ಮಾಕಿ ವಿವರಿಸಿದಳು. “ಜಗಳಾದ್ರ ನನ್ನ ಕಡೇನೂ ಇಲ್ಲ, ತಮ್ಮವ್ವನ ಕಡೇನೂ ಇಲ್ಲ. ಎದ್ದು ಹೋಗಿ ಗಾಡಿ ತೊಳೀತಾರ.”

“ಬಿಲ್ ಐತೇನ್ರಿ?”

ಇಪ್ಪತ್ತಮೂರು ವರ್ಷದಿಂದ ದಿನಕ್ಕೆ ನಲವತ್ತು ಸಲ ನಾನು ಕೇಳುತ್ತಿದ್ದ ಪ್ರಶ್ನೆ. ನನ್ನ ಬಾಯಿ ಒಣಗಿತು. ನಮ್ಮಾಕಿಯ ಕಡೆ ನೋಡಿದೆ. ಅವಳು ಹೈಕೋರ್ಟಿನ ದಿಕ್ಕಿಗೆ ನೋಡಿದಳು. 2008ರ ಜುಲೈಯಿಂದ ಧಾರವಾಡದ ಹೈಕೋರ್ಟ್ ಪೀಠ ಇದೇ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಕೂತಿದೆ. “ಬೇಕಾದ್ರ ಅಲ್ಲೇ ಹೋಗೋಣ ನಡೀರಿ” ಎಂದು ಅವಳು ಸೆರಗು ಸರಿಮಾಡಿಕೊಂಡಳು.

ಚಹಾದಂಗಡಿಯಿಂದ ಕೊನೆಗೂ ಆ ಧ್ವನಿ ಬಂತು. “ಸ್ಟೋರ್ ಸಾಹೇಬ್ರ, ಗೇಟ್ ಪಾಸ್ ಇಲ್ಲೇನ್ರಿ?”

ಸಾಹೇಬರು ಸಮಾಧಾನದ ಮನುಷ್ಯ. ಕುರ್ಚಿ ಹಾಕಿಸಿ ಕೂಡಿಸಿ ತಿಳಿಸಿ ಹೇಳಿದರು. ನಗದಾದರೆ ಐವತ್ತು ಸಾವಿರದ ಮೇಲೆ ಲೆಕ್ಕ ಕೊಡಬೇಕು. ಪಕ್ಷದವರ ಗಾಡಿಯಲ್ಲಿ ಹಂಚುವಂಥ ಸಾಮಾನು ಹತ್ತು ಸಾವಿರ ದಾಟಿದರೆ ಜಪ್ತಿ. “ನೀವು ಪಕ್ಷದವ್ರಲ್ಲ ಅಂತ ಮಾರಿ ನೋಡಿದ್ರ ಗೊತ್ತಾಗತೈತಿ. ಆದ್ರ ನಾಳೆ ಮ್ಯಾಲಿನವ್ರು ವಿಡಿಯೊ ನೋಡಿ ನನ್ನ ಕೇಳತಾರ. ಒಂದಕ್ಕ ಎಷ್ಟ್ರಿ ಅಕ್ಕಾರ?”

ನಮ್ಮಾಕಿ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ.

“ನೂರಾ ಇಪ್ಪತ್ತು” ಎಂದಳು.

ನಾನು ತಟ್ಟನೆ ಗುಣಿಸಿದೆ. ಆರು ಸಾವಿರದ ನೂರಾ ಇಪ್ಪತ್ತು. ಹತ್ತು ಸಾವಿರದ ಒಳಗೆ. ಉಳಿದೆವು ಎಂದುಕೊಳ್ಳುವಷ್ಟರಲ್ಲಿ ಆ ಹೆಣ್ಣುಮಗಳು ಪೇದೆ ಮುಂದೆ ಬಂದು ಒಂದು ಖಣ ಎತ್ತಿ, ಬೆಳಕಿಗೆ ಹಿಡಿದು, ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ, ತಿರುವಿ ಹಿಂಬದಿಯ ನೇಯ್ಗೆ ನೋಡಿದಳು. ಮೈಕ್ರೊಮೀಟರ್ ಹಿಡಿದ ನಮ್ಮ ಕ್ವಾಲಿಟಿ ಇನ್‌ಸ್ಪೆಕ್ಟರ್ ಸಹ ಒಂದು ಬೇರಿಂಗನ್ನು ಹಾಗೆ ನೋಡಿದ್ದು ನಾನು ಕಂಡಿಲ್ಲ.

“ಸರ್ರ, ಇದು ಕೈಮಗ್ಗದ್ದು. ಇನ್ನೂರಾ ನಲವತ್ತಕ್ಕ ಒಂದು ರೂಪಾಯಿ ಕಡಿಮಿ ಕೊಡಂಗಿಲ್ಲ ಅವ್ರು.”

ಶಾಮಿಯಾನದಲ್ಲಿ ಯಾರೂ ಮಾತಾಡಲಿಲ್ಲ. ವಿಡಿಯೊ ಹುಡುಗ ಮದುವೆ ಸೀಸನ್ನಿನವನು, ಎಲ್ಲಿ ಕಣ್ಣೀರು ಬರುತ್ತದೋ ಅಲ್ಲಿಗೆ ಕ್ಯಾಮೆರಾ ತಿರುಗಿಸುವುದು ಅವನಿಗೆ ಅಭ್ಯಾಸ. ಸಾಹೇಬರನ್ನು ಬಿಟ್ಟು ನನ್ನ ಮುಖವನ್ನು ಹತ್ತಿರದಿಂದ ತೆಗೆದ.

“ಅಂಗಡಿಯವ್ರ ಕಡೆಯಿಂದ ಬಿಲ್ ತರಿಸ್ರಿ” ಎಂದರು ಸಾಹೇಬರು. ಗುಳೇದಗುಡ್ಡಕ್ಕೆ ಫೋನ್ ಹೋಯಿತು. ಅಂಗಡಿಯವರು ಊಟಕ್ಕೆ ಹೋಗಿದ್ದರು. ಊಟ ಮುಗಿಸಿ ಬಂದರು, ಬಿಲ್ ಪುಸ್ತಕ ಮಗನ ಹತ್ತಿರ ಇತ್ತು, ಮಗ ಬಂದ. ಒಂದೂ ಮುಕ್ಕಾಲು ತಾಸು. ಅಷ್ಟರಲ್ಲಿ ನಮ್ಮ ಕಾರ್ಖಾನೆಯ ಪಾಳಿ ಬಿಟ್ಟು ಕಂಪನಿ ಬಸ್ಸು ಹೊರಬಂತು. ಬ್ಯಾರಿಕೇಡಿನ ಹತ್ತಿರ ನಿಧಾನಿಸಿತು. ನಲವತ್ತು ಕಿಟಕಿಗಳಲ್ಲಿ ನಲವತ್ತು ತಲೆ. ಚಲನ್ ಸಾಹೇಬ ಪೊಲೀಸರ ಶಾಮಿಯಾನದಲ್ಲಿ, ಮಲ್ಲಿಗೆ ಮುಡಿದ ಬಂದೂಕಿನ ಪಕ್ಕದಲ್ಲಿ, ಕುಪ್ಪಸದ ಬಟ್ಟೆ ಎಣಿಸುತ್ತ ಕೂತಿದ್ದ.

ಬಿಲ್ಲು ವಾಟ್ಸಾಪಿನಲ್ಲಿ ಬಂತು. 51 ಖಣ, ದರ 240, ಒಟ್ಟು 12,240. ಸಾಹೇಬರು ಫೋನನ್ನು ನನಗೆ ತೋರಿಸಿ, ನಮ್ಮಾಕಿಯನ್ನು ನೋಡಿ, ಮತ್ತೆ ನನ್ನನ್ನು ನೋಡಿದರು. “ಮೊತ್ತದ ವಿಷಯ ನಿಮ್ಮ ಮನೀದು, ನಾ ಕೇಳಂಗಿಲ್ಲ. ಬಿಲ್ ಐತಿ, ಕುಬಸದ ಕರೆಯೋಲೆ ಐತಿ, ಸಾಕು. ಎಣಿಸಿ ಕಳಸ್ರಿ.”

ಎಣಿಸಿದರು. ಐವತ್ತು.

ಇನ್ನೊಮ್ಮೆ ಎಣಿಸಿದರು. ಐವತ್ತೇ.

“ಒಂದು ಎಲ್ಲಿ ಹೋತು? ಹಾದಿಯೊಳಗ ಹಂಚಾಕ ಸುರು ಮಾಡೀರೇನು?” ಸಾಹೇಬರ ಕೈ ಮತ್ತೆ ಟೊಪ್ಪಿಗೆಯ ಕಡೆ ಹೋಯಿತು. ಗಂಟು ಜಾಡಿಸಿದೆವು, ಡಿಕ್ಕಿ ಹುಡುಕಿದೆವು, ಮಾವಿನಕಾಯಿಯ ಚೀಲ ಬೋರಲು ಹಾಕಿದೆವು. ನಮ್ಮಾಕಿ ತವರಿಗೆ ಫೋನ್ ಮಾಡಿ, ತಾಯಿಯ ಜೊತೆ ಖಣದ ಬಗ್ಗೆ ಆರಂಭಿಸಿ 1998ರ ಒಂದು ಪತ್ತಲದವರೆಗೆ ಹೋದಳು. ಮತ್ತೆ ಆ ಹೆಣ್ಣುಮಗಳು ಪೇದೆಯೇ, ಬಾಯಿಗೆ ಕೈ ಅಡ್ಡ ಹಿಡಿದು, “ಸರ್ರ, ಬಂದೂಕಿನ ನಡುವಿನ್ಯಾಗ ಐತಲ್ರಿ” ಎಂದಳು.

ಐವತ್ತೊಂದು.

ಹೀಗೆ ಬಂದೂಕು ಸಾಕ್ಷಿ ಹೇಳಿ ನಮ್ಮನ್ನು ಬಿಡಿಸಿತು. ಹೊರಡುವಾಗ ಡ್ರೈವರ್ ಎದ್ದು ಬಂದು ಕಾರಿನ ಡಿಕ್ಕಿ ಮುಚ್ಚಲು ಕೈ ಹಚ್ಚಿದ. ಮುಚ್ಚುವ ಮೊದಲು ಬಗ್ಗಿ ನೋಡಿ, “ಸೊನ್ನೆ ಎಲ್ಲಾ ಬರೋಬ್ಬರಿ ಅದಾವಲ್ರಿ ಸಾಹೇಬ್ರ?” ಎಂದ. ಸೋಮವಾರದಿಂದ ಅವನ ಲಾರಿಯನ್ನು ನಾನು ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಿಲ್ಲ.

ಧಾರವಾಡದವರೆಗೆ ನಾನು ಒಂದೇ ಮಾತಾಡಿದೆ. “ನೂರಾ ಇಪ್ಪತ್ತು ಅಂದಿದ್ದೆಲ್ಲ?”

“ನಿಮ್ಮ ಪಾಲಿಂದು ನೂರಾ ಇಪ್ಪತ್ತು. ಇನ್ನ ನೂರಾ ಇಪ್ಪತ್ತು ನಾ ಕೂಡಿಸಿಟ್ಟಿದ್ದರೊಳಗ ಕೊಟ್ಟೀನಿ” ಎಂದಳು. ಕೂಡಿಸಿಟ್ಟದ್ದು ಎಲ್ಲಿಂದ ಎಂದು ಕೇಳುವ ಧೈರ್ಯ ನನಗೆ ಬಂದೂಕು ಜೊತೆಗಿದ್ದಾಗಲೂ ಬರಲಿಲ್ಲ.

ಠಾಣೆಯಲ್ಲಿ ಜಮಾ ಮಾಡಿಕೊಳ್ಳುವವರು ಅಕ್ಕಿ ಬೇಡವೆಂದರು, ಇಲಿ ಬರುತ್ತವೆಯಂತೆ. ಮಲ್ಲಿಗೆ ತಾವೇ ತೆಗೆದರು. ಖಣಕ್ಕೆ ಕೈ ಹಾಕುವಷ್ಟರಲ್ಲಿ ಅತ್ತೆಯವರ ಫೋನು. ಉಡಿ ತುಂಬಿದ ಖಣವನ್ನು ಪರಸ್ಥಳದಲ್ಲಿ ಬಿಚ್ಚಬಾರದು, ತವರಿಗೆ ಬಂದ ಮೇಲೆಯೇ ಬಿಚ್ಚಬೇಕು. ಸ್ಪೀಕರ್ ಹಾಕಿ ಕೇಳಿಸಿದೆ. ಅವರು ಒಂದು ನಿಟ್ಟುಸಿರು ಬಿಟ್ಟು ರಿಜಿಸ್ಟರಿನಲ್ಲಿ ದುಂಡಾಗಿ ಬರೆದುಕೊಂಡರು. ನನ್ನ ಮೆಚ್ಚಿಕೆ ನನಗೆ ತಡೆಯಲಾಗಲಿಲ್ಲ, ಎಷ್ಟು ಚಂದದ ನಮೂದು!

ಮೇ 13ಕ್ಕೆ ಎಣಿಕೆ ಮುಗಿದು ನೀತಿಸಂಹಿತೆ ಎದ್ದಿತು. “ಇರಲಿ ಬಿಡ್ರಿ, ಅಲ್ಲೇ ಆರಾಮ ಐತಿ” ಎಂದು ನಮ್ಮಾಕಿ ಮತ್ತೆ ಒಂದು ತಿಂಗಳು ತಳ್ಳಿದಳು. ಜೂನಿನಲ್ಲಿ ನಾನು ರಸೀದಿ ಹಿಡಿದು ಹೋದಾಗ ಮಾವಿನ ಕಾಲ ಮುಗಿದಿತ್ತು, ಮಂಗಗಳೂ ಊರು ಬಿಟ್ಟಿದ್ದವು. ರಿಜಿಸ್ಟರು ತೆಗೆದು ಮುಂದಿಟ್ಟರು. ಒಂಟಿ ನಳಿಗೆ ಬಂದೂಕು 1, ತೋಟಾ 5, ಖಣ 1. ಮೂರರ ಮುಂದೆಯೂ ಬೇರೆ ಬೇರೆ ಸಹಿ ಹಾಕಿಸಿಕೊಂಡರು.